ಪೋರ್ಟ್ ವೈನಿನ ಊರಿಗೆ ಗಾಲ್ಫ್ ಬಂದದ್ದು ಯಾವ ದಾರಿಯಿಂದ?

ಓದುಗರ ಪ್ರಶ್ನೆ: ಪೋರ್ಚುಗಲ್ ಪ್ರವಾಸದಲ್ಲಿ ಪೋರ್ಟೊ ನಗರಕ್ಕೆ ಹೋಗಿದ್ದೆವು. ಅಲ್ಲಿನ ಹಳೆಯ ಗಾಲ್ಫ್ ಕ್ಲಬ್ಬನ್ನು ಕಟ್ಟಿದವರು ಪೋರ್ಟ್ ವೈನಿನ ವ್ಯಾಪಾರಿಗಳು ಎಂದು ನಮ್ಮ ಮಾರ್ಗದರ್ಶಿ ಹೇಳಿದರು. ಕೀಟ ಬಿದ್ದು ಹಾಳಾದ ದ್ರಾಕ್ಷಿ ತೋಟಗಳನ್ನೇ ಆಟದ ಮೈದಾನ ಮಾಡಿಕೊಂಡರು ಎಂದೂ ಸೇರಿಸಿದರು. ಇದು ನಿಜವೇ? ವೈನಿಗೂ ಗಾಲ್ಫಿಗೂ ಏನಾದರೂ ನಂಟು ಉಂಟೇ, ಇಲ್ಲ ಎರಡೂ ಹಣವಂತರ ಹವ್ಯಾಸ ಎಂಬಷ್ಟಕ್ಕೇ ಮುಗಿಯಿತೇ? ಮತ್ತೊಮ್ಮೆ ಹೋದರೆ ಎರಡನ್ನೂ ಒಂದೇ ಕಡೆ ನೋಡಬಹುದೇ?

ಉತ್ತರ: ನಿಮ್ಮ ಮಾರ್ಗದರ್ಶಿ ಹೇಳಿದ್ದರಲ್ಲಿ ಮೊದಲ ಮಾತು ನಿಜ, ಎರಡನೆಯದು ಚೆಂದದ ಕಥೆ. ಪೋರ್ಟೊ ನಗರದ ದಕ್ಷಿಣಕ್ಕೆ, ಅಟ್ಲಾಂಟಿಕ್ ಸಮುದ್ರದ ದಂಡೆಯ ಎಸ್ಪಿನ್ಯೊ ಎಂಬಲ್ಲಿ 1890ರಲ್ಲಿ ಗಾಲ್ಫ್ ಕ್ಲಬ್ ಆರಂಭಿಸಿದವರು ಪೋರ್ಟ್ ಎಂಬ ಸಾರಾಯಿ ಬೆರೆಸಿದ ಸಿಹಿ ವೈನಿನ ವ್ಯಾಪಾರದಲ್ಲಿದ್ದ ಬ್ರಿಟಿಷರೇ. ಪೋರ್ಚುಗಲ್ಲಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ ಅದು. ಯುರೋಪಿನ ಮುಖ್ಯ ಭೂಭಾಗದಲ್ಲೂ ಅದಕ್ಕಿಂತ ಹಿರಿಯವು ಬೆರಳೆಣಿಕೆಯಷ್ಟು. ಆದರೆ ಅಲ್ಲಿ ದ್ರಾಕ್ಷಿ ತೋಟ ಇರಲಿಲ್ಲ, ಇದ್ದದ್ದು ಮರಳು ದಿಬ್ಬ. ಪೋರ್ಟ್ ವೈನಿನ ನಾಡಿಗೆ ಗಾಲ್ಫ್ ಬಂದದ್ದು ತೋಟದ ದಾರಿಯಿಂದಲ್ಲ, ಸುಂಕದ ಕಟ್ಟೆಯ ದಾರಿಯಿಂದ. ಅದನ್ನು ವಿವರಿಸಲು ಪೋರ್ಚುಗಲ್ ಬಿಟ್ಟು ಸ್ವಲ್ಪ ದೂರ, ಸ್ಕಾಟ್ಲೆಂಡಿಗೆ ಹೋಗಬೇಕು. ನಾನು ವೈನ್ ವ್ಯಾಪಾರದ ಇತಿಹಾಸ ಓದಿಕೊಂಡವನೇ ಹೊರತು ಗಾಲ್ಫ್ ಆಡಿದವನಲ್ಲ. ಆಟದ ಸೂಕ್ಷ್ಮಗಳಲ್ಲಿ ಎಡವಿದರೆ ಆಟಗಾರರು ತಿದ್ದಲಿ.

ಎಡಿನ್‌ಬರೋ ನಗರಕ್ಕೆ ಅಂಟಿಕೊಂಡಂತೆ ಲೀತ್ ಎಂಬ ಬಂದರು ಇದೆ. ಶತಮಾನಗಳ ಕಾಲ ಫ್ರಾನ್ಸಿನ ಬೋರ್ಡೊದಿಂದ ಬಂದ ವೈನ್ ಪೀಪಾಯಿಗಳು ಸ್ಕಾಟ್ಲೆಂಡಿನಲ್ಲಿ ಇಳಿಯುತ್ತಿದ್ದುದು ಹೆಚ್ಚಾಗಿ ಅಲ್ಲೇ. ಬೋರ್ಡೊದ ಕೆಂಪು ವೈನಿಗೆ ಬ್ರಿಟನ್ನಿನಲ್ಲಿ ಕ್ಲಾರೆಟ್ ಎಂದು ಹೆಸರು. ಸ್ಕಾಟರಿಗೆ ಅದು ಬರಿಯ ಪಾನೀಯವಲ್ಲ, ಫ್ರಾನ್ಸಿನ ಜತೆಗಿನ ಹಳೆಯ ಸ್ನೇಹದ ಗುರುತೂ ಹೌದು. ಆ ಬಂದರಿನ ಪಕ್ಕದಲ್ಲೇ ಲೀತ್ ಲಿಂಕ್ಸ್ ಎಂಬ ಬಯಲು. 1744ರಲ್ಲಿ ಎಡಿನ್‌ಬರೋ ನಗರಸಭೆ ಒಂದು ಬೆಳ್ಳಿಯ ದಾಂಡನ್ನು ಬಹುಮಾನವಾಗಿ ಕೊಟ್ಟಿತು. ಸ್ಪರ್ಧೆಗಾಗಿ ಆಟಗಾರರು 13 ನಿಯಮಗಳನ್ನು ಬರೆದರು. ಇಂದು ನಮಗೆ ಸಿಗುವ ಗಾಲ್ಫಿನ ಅತ್ಯಂತ ಹಳೆಯ ಲಿಖಿತ ನಿಯಮಗಳು ಅವೇ. ಗೆದ್ದವನು ಜಾನ್ ರ್‍ಯಾಟ್ರೆ ಎಂಬ ಶಸ್ತ್ರವೈದ್ಯ. ಈ ಕೂಟವೇ ಮುಂದೆ ಎಡಿನ್‌ಬರೋ ಗಾಲ್ಫರ್‌ಗಳ ಗೌರವಾನ್ವಿತ ಕಂಪನಿ ಎನಿಸಿಕೊಂಡಿತು.

ಆಟ ಮುಗಿದ ಮೇಲೆ ಊಟ, ಊಟಕ್ಕೆ ವೈನ್, ವೈನಿನ ಮೇಲೆ ಪಂತ. ಆ ಕಾಲದ ಗಾಲ್ಫ್ ಕೂಟ ಎಂದರೆ ಮುಕ್ಕಾಲು ಪಾಲು ಊಟದ ಕೂಟವೇ. ಸಮವಸ್ತ್ರದ ಕೆಂಪು ಕೋಟು ತೊಡದೆ ಐದು ಸಲ ಆಡಿ ಸಿಕ್ಕಿಬಿದ್ದ ಒಬ್ಬ ಸೇನಾಧಿಕಾರಿಗೆ ಅವರು ಹಾಕಿದ ದಂಡ ಹಣವಲ್ಲ, ಆರು ಪೈಂಟ್ ಪಾನೀಯ. ಅದೂ ತಪ್ಪೊಪ್ಪಿಕೊಂಡಿದ್ದಕ್ಕೆ ರಿಯಾಯಿತಿ ಕೊಟ್ಟ ಮೇಲೆ! ಆ ಕೂಟದ 1770ರ ದಶಕದ ನಡಾವಳಿ ಪುಸ್ತಕದಲ್ಲಿ ನನ್ನ ಕಣ್ಣಿಗೆ ಬಿದ್ದು ಮನಸ್ಸಿನಲ್ಲಿ ಉಳಿದ ಇನ್ನೊಂದು ನಿರ್ಣಯವಿದೆ. ಅದರ ತಾತ್ಪರ್ಯ ಇಷ್ಟು: ಮಾಮೂಲಿ ದಿನಗಳಲ್ಲಿ ಸದಸ್ಯರು ಪೋರ್ಟ್ ಮತ್ತು ಪಂಚ್ ಕುಡಿಯತಕ್ಕದ್ದು; ಬೆಳ್ಳಿಯ ದಾಂಡಿಗೂ ಕಪ್ಪಿಗೂ ಸ್ಪರ್ಧೆ ನಡೆಯುವ ದಿನ ಮಾತ್ರ ಕ್ಲಾರೆಟ್ಟಿಗೆ ಅನುಮತಿ.

ಕ್ಲಾರೆಟ್ಟಿನ ನಾಡಿನಲ್ಲಿ ಕ್ಲಾರೆಟ್ ಹಬ್ಬದ ದಿನಕ್ಕೆ ಮೀಸಲಾಗಿ, ದಿನನಿತ್ಯಕ್ಕೆ ಪೋರ್ಟ್ ಬಂದು ಕೂತದ್ದು ಹೇಗೆ? ನಿಮ್ಮ ಪ್ರಶ್ನೆಯ ಬೇರು ಇಲ್ಲಿದೆ.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ಹತ್ತಿಕೊಂಡು ಫ್ರೆಂಚ್ ವೈನಿನ ಆಮದು ನಿಂತಿತು. ವ್ಯಾಪಾರಿಗಳು ಬೇರೆ ದ್ರಾಕ್ಷಿ ಹುಡುಕಿಕೊಂಡು ಪೋರ್ಚುಗಲ್ಲಿಗೆ ಹೋದರು. 1703ರಲ್ಲಿ ಮೆಥ್ಯುಯೆನ್ ಒಪ್ಪಂದವಾಯಿತು. ಪೋರ್ಚುಗಲ್ ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಬಾಗಿಲು ತೆರೆಯಬೇಕು. ಪ್ರತಿಯಾಗಿ ಪೋರ್ಚುಗಲ್ಲಿನ ವೈನಿನ ಮೇಲಿನ ಸುಂಕ ಫ್ರೆಂಚ್ ವೈನಿನ ಸುಂಕದ ಮೂರನೆಯ ಎರಡು ಪಾಲನ್ನು ಮೀರಬಾರದು. ನಾಲ್ಕೇ ವರ್ಷಕ್ಕೆ, 1707ರಲ್ಲಿ, ಸ್ಕಾಟ್ಲೆಂಡ್ ಇಂಗ್ಲೆಂಡಿನ ಜತೆ ಒಂದೇ ರಾಜ್ಯವಾಯಿತು. ಸುಂಕದ ಕಾನೂನೂ ಹಿಂದೆಯೇ ಬಂತು. ಸ್ಕಾಟರು ಸುಮ್ಮನೆ ಕೂರಲಿಲ್ಲ. ದಶಕಗಳ ಕಾಲ ಕಳ್ಳಸಾಗಣೆ ನಡೆಯಿತು, ಬಂದರಿನ ಅಧಿಕಾರಿಗಳು ಕಣ್ಣು ಮುಚ್ಚಿಕೊಂಡರು. ಆದರೂ ಬೆಲೆ ತನ್ನ ಕೆಲಸ ಮಾಡಿತು. ಗಾಲ್ಫರ್‌ಗಳ ನಡಾವಳಿ ಪುಸ್ತಕದಲ್ಲಿ ನಾವು ಓದುವುದು ರುಚಿಯ ಬದಲಾವಣೆಯನ್ನಲ್ಲ, ಲಂಡನ್ ಸಂಸತ್ತಿನ ಸುಂಕಪಟ್ಟಿಯನ್ನು. ನಾಲಿಗೆ ಕ್ಲಾರೆಟ್ ಕೇಳುತ್ತಿತ್ತು, ಜೇಬು ಪೋರ್ಟ್ ತರಿಸುತ್ತಿತ್ತು.

ಬ್ರಿಟಿಷ್ ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದವರಿಗೆ ಇಂದಿಗೂ ಕೊಡುವ ಬೆಳ್ಳಿಯ ಹೂಜಿಯನ್ನು ಜನ ಕ್ಲಾರೆಟ್ ಜಗ್ ಎನ್ನುತ್ತಾರಲ್ಲ, ಅದರ ಆಕಾರ ಕ್ಲಾರೆಟ್ ಬಡಿಸುವ ಹೂಜಿಯದೇ. ಎಡಿನ್‌ಬರೋದ ಬೆಳ್ಳಿಗಾರರು ಅದನ್ನು ಮಾಡಿಕೊಟ್ಟರು. ಅದರ ಮೇಲೆ ಕೆತ್ತಿದ ಮೊದಲ ಹೆಸರು 1872ರಲ್ಲಿ ಗೆದ್ದ ಕಿರಿಯ ಟಾಮ್ ಮಾರಿಸ್‌ನದು. ಆ ಹೊತ್ತಿಗೆ ಫ್ರೆಂಚ್ ವೈನಿನ ಸುಂಕ ಇಳಿದು ಹನ್ನೆರಡು ವರ್ಷವಾಗಿತ್ತು.

ಈಗ ಪೋರ್ಟೊಗೆ ಬರೋಣ. ಅಗ್ಗದ ಸುಂಕದ ವಾಸನೆ ಹಿಡಿದು ಡೌರೊ ನದಿಯ ಬಾಯಿಗೆ ಬಂದು ನೆಲೆಸಿದ ಬ್ರಿಟಿಷರಲ್ಲಿ ಸ್ಕಾಟರು ಬಹಳ. ಇಂದಿಗೂ ಶೀಸೆಗಳ ಮೇಲೆ ಕಾಣುವ ಹೆಸರುಗಳನ್ನೇ ನೋಡಿ. ಜಾರ್ಜ್ ಸ್ಯಾಂಡಮನ್ ಸ್ಕಾಟ್ಲೆಂಡಿನ ಪರ್ತ್ ಊರಿನವನು. ತಂದೆಯಿಂದ 300 ಪೌಂಡ್ ಸಾಲ ಪಡೆದು 1790ರಲ್ಲಿ ವೈನ್ ವ್ಯಾಪಾರಕ್ಕೆ ಇಳಿದ. ರಾಬರ್ಟ್ ಕಾಕ್‌ಬರ್ನ್ ಲೀತ್ ಬಂದರಿನ ವೈನ್ ವ್ಯಾಪಾರಿಯೇ. 1815ರಲ್ಲಿ ಪೋರ್ಟೊದಲ್ಲಿ ಶಾಖೆ ತೆರೆದ. ಗ್ಲ್ಯಾಸ್ಗೋದ ಗ್ರಹಾಂ ಸೋದರರದು ಬಟ್ಟೆ ವ್ಯಾಪಾರ; 1820ರಲ್ಲಿ ಪೋರ್ಟೊದ ಸಾಲಗಾರನೊಬ್ಬ ಹಣದ ಬದಲು ಪೀಪಾಯಿಗಟ್ಟಲೆ ಪೋರ್ಟ್ ಕೊಟ್ಟ. ಸಾಲ ವಸೂಲಿಯಲ್ಲಿ ಬಂದ ಸರಕು ಮನೆತನದ ಕಸುಬೇ ಆಯಿತು. ಅದೇ ಗ್ರಹಾಂ ಸಂಸ್ಥೆಯಲ್ಲಿ ಕೆಲಸಕ್ಕೆಂದು 1882ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಆಂಡ್ರೂ ಜೇಮ್ಸ್ ಸಿಮಿಂಗ್ಟನ್‌ನ ವಂಶದವರು ಇಂದು ಆ ಹೆಸರಿನ ಒಡೆಯರು.

ಹಾಗೆಂದು 1790ರ ಸ್ಯಾಂಡಮನ್ ಪೆಟ್ಟಿಗೆಯಲ್ಲಿ ದಾಂಡು ಹೊತ್ತು ಬಂದ ಎಂದುಕೊಳ್ಳಬೇಡಿ. ಆಗಿನ ಗಾಲ್ಫ್ ಚೆಂಡು ಎಂದರೆ ಹಕ್ಕಿಯ ಪುಕ್ಕಗಳನ್ನು ಒತ್ತಿ ತುಂಬಿ ಹೊಲಿದ ತೊಗಲ ಗುಂಡು. ದುಬಾರಿ, ಒದ್ದೆಯಾದರೆ ಕೆಟ್ಟಿತು. 1848ರ ಹೊತ್ತಿಗೆ ಗಟ್ಟಾಪರ್ಚಾ ಎಂಬ ಮರದ ಅಂಟಿನ ಚೆಂಡು ಬಂದ ಮೇಲೆಯೇ ಆಟ ಅಗ್ಗವಾಗಿ ಸ್ಕಾಟ್ಲೆಂಡಿನ ಗಡಿಯಾಚೆ ವ್ಯಾಪಕವಾಗಿ ಹರಡಿದ್ದು. ಪೋರ್ಟೊದ ಬ್ರಿಟಿಷರು ಸುಮಾರು ಇನ್ನೂರು ವರ್ಷ ವೈನ್ ಮಾರಿದ ಮೇಲೆ ಗಾಲ್ಫ್ ಹಿಡಿದರು.

ಅವರು ತೋಟದ ಬಳಿ ಆಡದೆ ಸಮುದ್ರದ ಬಳಿ ಆಡಿದ್ದೇಕೆ? ಇದು ತಿಳಿಯಬೇಕಾದರೆ ಪೋರ್ಟ್ ತಯಾರಾಗುವ ಬಗೆ ಗೊತ್ತಿರಬೇಕು. ದ್ರಾಕ್ಷಿ ಬೆಳೆಯುವುದು ನದಿಯ ಮೇಲ್ದಂಡೆಯಲ್ಲಿ, ಸಮುದ್ರದಿಂದ ಸುಮಾರು ನೂರು ಕಿಲೋಮೀಟರ್ ಒಳಗೆ. ಪದರಪದರವಾದ ಶಿಸ್ಟ್ ಕಲ್ಲಿನ ಬೆಟ್ಟ, ಅದರಲ್ಲಿ ಮೆಟ್ಟಿಲು ಕೊರೆದು ಕಲ್ಲಿನ ಗೋಡೆ ಕಟ್ಟಿ ನಿಲ್ಲಿಸಿದ ಬಳ್ಳಿ. ಬೇಸಿಗೆಯಲ್ಲಿ ಅಲ್ಲಿ ಕುಲುಮೆಯ ಕಾವು. ಸೆಪ್ಟೆಂಬರ್ ವೇಳೆಗೆ ಕೊಯ್ಲು. ಕಲ್ಲಿನ ತೊಟ್ಟಿಗಳಲ್ಲಿ ಹಣ್ಣು ಸುರಿದು, ಸಾಲಾಗಿ ನಿಂತವರು ಗಂಟೆಗಟ್ಟಲೆ ಬರಿಗಾಲಲ್ಲಿ ತುಳಿಯುತ್ತಾರೆ. ರಸ ಹುದುಗುತ್ತ ಸಕ್ಕರೆ ಮದ್ಯಸಾರವಾಗಿ ತಿರುಗುತ್ತಿರುವಾಗ, ಸುಮಾರು ಅರ್ಧ ಸಕ್ಕರೆ ಉಳಿದಿರುವಂತೆಯೇ, ಶೇ. 77ರಷ್ಟು ಮದ್ಯಸಾರವುಳ್ಳ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. 550 ಲೀಟರಿನ ಒಂದು ಪೀಪಾಯಿಯ ಲೆಕ್ಕದಲ್ಲಿ ಸುಮಾರು 435 ಲೀಟರ್ ರಸಕ್ಕೆ 115 ಲೀಟರ್ ಸಾರಾಯಿ. ಈಸ್ಟ್ ಸತ್ತು ಹುದುಗುವಿಕೆ ನಿಲ್ಲುತ್ತದೆ, ಸಿಹಿ ಉಳಿಯುತ್ತದೆ. ಮೊದಮೊದಲು ಸಾರಾಯಿ ಸೇರಿಸುತ್ತಿದ್ದುದು ಕಡಲಯಾನದಲ್ಲಿ ಕೆಡದಿರಲೆಂದು. ಇಂದಿನ ಸಿಹಿ ಪೋರ್ಟ್ ರೂಢಿಯಾದದ್ದು ಆಮೇಲೆ.

ಈ ಎಳೆಯ ವೈನನ್ನು ಬೆಟ್ಟದ ಕಾವಿನಲ್ಲಿ ಇಟ್ಟರೆ ಬೇಗ ಮುದಿಯಾಗುತ್ತದೆ. ಆದ್ದರಿಂದ ವಸಂತದಲ್ಲಿ ರಬೆಲೊ ಎಂಬ ಚಪ್ಪಟೆ ತಳದ ದೋಣಿಗಳಲ್ಲಿ ಪೀಪಾಯಿ ಏರಿಸಿ, ಸುಳಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ಕೆಳಗೆ ತರುತ್ತಿದ್ದರು. ಪೋರ್ಟೊದ ಎದುರು ದಂಡೆಯ ವಿಲಾ ನೋವಾ ದೆ ಗಾಯಾದಲ್ಲಿ ತಂಪು, ತೇವದ ಗಾಳಿ. ಉದ್ದುದ್ದ ಗೋದಾಮುಗಳಲ್ಲಿ ವೈನ್ ನಿಧಾನವಾಗಿ ಮಾಗುತ್ತಿತ್ತು. ವ್ಯಾಪಾರಿಯ ಬದುಕು ಗೋದಾಮಿನ ಪಕ್ಕ. ಅಲ್ಲೇ ರುಚಿ ನೋಡಿ ಬೆರೆಸುವುದು, ಅಲ್ಲಿಂದಲೇ ಹಡಗಿಗೆ ಹೇರುವುದು. 1926ರ ಕಾನೂನು ಇದನ್ನೇ ಕಡ್ಡಾಯ ಮಾಡಿ, ಪೋರ್ಟ್ ಗಾಯಾದಿಂದಲೇ ರಫ್ತಾಗಬೇಕೆಂದು ವಿಧಿಸಿತು. ಬೆಳೆಗಾರ ತನ್ನ ತೋಟದಿಂದ ನೇರವಾಗಿ ಹೊರದೇಶಕ್ಕೆ ಕಳಿಸಲು 1986ರವರೆಗೆ ಕಾಯಬೇಕಾಯಿತು. ಕೊಯ್ಲಿನ ಕೆಲವು ವಾರ ಬಿಟ್ಟರೆ ವರ್ಷವೆಲ್ಲ ಕರಾವಳಿಯಲ್ಲೇ ಇರುವವರು ಆಟಕ್ಕೂ ಕರಾವಳಿಯನ್ನೇ ಹುಡುಕಿದರು.

ಇನ್ನು ಅವರ ಸಮಾಜ. ಪೋರ್ಟೊದಲ್ಲಿ 1785ರಿಂದ 1790ರ ನಡುವೆ ಕಟ್ಟಿದ ಗ್ರಾನೈಟಿನ ಫ್ಯಾಕ್ಟರಿ ಹೌಸ್ ಇದೆ. ಹೆಸರು ಕೇಳಿ ಕಾರ್ಖಾನೆ ಎಂದುಕೊಳ್ಳಬೇಡಿ. ಪರದೇಶದಲ್ಲಿ ನೆಲೆಸಿದ ವ್ಯಾಪಾರಿಗಳ ಕೂಟಕ್ಕೆ ಆಗ ಫ್ಯಾಕ್ಟರಿ ಎನ್ನುತ್ತಿದ್ದರು. ಅಲ್ಲಿ ಒಂದರ ಪಕ್ಕ ಒಂದು ಎರಡು ಊಟದ ಕೋಣೆಗಳಿವೆ. ಮೊದಲನೆಯದರಲ್ಲಿ ಊಟ. ಮುಗಿದ ಮೇಲೆ ಕೈವಸ್ತ್ರ ಹಿಡಿದುಕೊಂಡು ಎದ್ದು, ಎರಡನೆಯ ಕೋಣೆಯಲ್ಲಿ ಅದೇ ಕ್ರಮದಲ್ಲಿ ಕೂತು ಪೋರ್ಟ್ ಕುಡಿಯುತ್ತಾರೆ. ಮಾಂಸದ ವಾಸನೆ ವೈನಿನ ಪರಿಮಳಕ್ಕೆ ತಗುಲಬಾರದೆಂದು. ಪರಿಮಳಕ್ಕಾಗಿ ಇನ್ನೊಂದು ಕೋಣೆಯನ್ನೇ ಕಟ್ಟಿದವರು ಆಟಕ್ಕಾಗಿ ಮರಳು ದಿಬ್ಬ ಹುಡುಕಿಕೊಂಡು ಹೋದದ್ದು ನನಗೆ ಅಚ್ಚರಿಯೇನಲ್ಲ. 1855ರಲ್ಲಿ ಕ್ರಿಕೆಟ್ ಕ್ಲಬ್, 1890ರಲ್ಲಿ ಗಾಲ್ಫ್, 1894ರಲ್ಲಿ ಮಕ್ಕಳಿಗೆ ಬ್ರಿಟಿಷ್ ಶಾಲೆ: ತಮ್ಮ ಊರನ್ನು ಅವರು ತುಂಡುತುಂಡಾಗಿ ತಂದು ಜೋಡಿಸಿಕೊಂಡರು.

ಎಸ್ಪಿನ್ಯೊವನ್ನು ಹತ್ತಿರ ಮಾಡಿದ್ದು ರೈಲು. ಲಿಸ್ಬನ್ನಿನಿಂದ ಬಂದ ಹಳಿ 1860ರ ದಶಕದಲ್ಲಿ ಗಾಯಾವರೆಗೆ ಬಂದು, ನದಿ ದಾಟಲಾಗದೆ ನಿಂತಿತ್ತು. 1877ರಲ್ಲಿ ಐಫೆಲ್ ಕಂಪನಿ ಕಟ್ಟಿದ ಮರಿಯಾ ಪಿಯಾ ಕಮಾನು ಸೇತುವೆ ತೆರೆದ ಮೇಲೆ ಪೋರ್ಟೊದಲ್ಲಿ ಹತ್ತಿದವರು ನೇರವಾಗಿ ಕಡಲ ತಡಿಯಲ್ಲಿ ಇಳಿಯಬಹುದಾಯಿತು. ಎಸ್ಪಿನ್ಯೊ ಆಗ ಸಾರ್ಡಿನ್ ಮೀನು ಹಿಡಿಯುವವರ ಊರು. ಅದರ ಪಕ್ಕದ ದಿಬ್ಬಗಳಲ್ಲಿ ಮರಳು, ಕುರುಚಲು, ಉಪ್ಪುಗಾಳಿ. ಬೇಸಾಯಕ್ಕೆ ಬಾರದ ನೆಲ. ಸ್ಕಾಟ್ಲೆಂಡಿನ ಭಾಷೆಯಲ್ಲಿ ಲಿಂಕ್ಸ್ ಎಂದರೆ ಇಂಥದೇ ನೆಲ. ಅವರು ಕ್ಲಬ್ಬಿಗೆ ಇಟ್ಟ ಮೊದಲ ಹೆಸರು ಒಪೊರ್ಟೊ ನಿಬ್ಲಿಕ್ಸ್ ಕ್ಲಬ್. ನಿಬ್ಲಿಕ್ ಎಂದರೆ ಮರಳಲ್ಲೋ ಹೊಂಡದಲ್ಲೋ ಹೂತ ಚೆಂಡನ್ನು ಎತ್ತಿ ಹಾರಿಸುವ ಗಿಡ್ಡ ತಲೆಯ ಕಬ್ಬಿಣದ ದಾಂಡು. ಯಾವ ನೆಲಕ್ಕೆ ಬಂದಿದ್ದೇವೆ, ಎಷ್ಟು ಚೆನ್ನಾಗಿ ಆಡುತ್ತೇವೆ ಎಂಬುದರ ಬಗ್ಗೆ ಅವರಿಗೆ ಭ್ರಮೆ ಇರಲಿಲ್ಲ ಎನ್ನಿ. ಮರುವರ್ಷ, 1891ರಲ್ಲಿ, ಸ್ಕೆಫಿಂಗ್ಟನ್ ಕಪ್ ಎಂಬ ಸ್ಪರ್ಧೆ ಆರಂಭವಾಯಿತು. ಆ ಕ್ಲಬ್ಬಿನ ದೊಡ್ಡ ಹೆಮ್ಮೆ ಇಂದಿಗೂ ಅದೇ.

1890 ಎಂಬ ಇಸವಿಯ ಮೇಲೆ ಒಂದು ಕ್ಷಣ ನಿಲ್ಲಬೇಕು. ಆ ವರ್ಷದ ಜನವರಿ 11ರಂದು ಬ್ರಿಟನ್ ಪೋರ್ಚುಗಲ್ಲಿಗೆ ಅಂತಿಮ ಎಚ್ಚರಿಕೆ ಕೊಟ್ಟಿತು: ಆಫ್ರಿಕಾದಲ್ಲಿ ಅಂಗೋಲ ಮತ್ತು ಮೊಜಾಂಬಿಕ್ ನಡುವಿನ ನೆಲದಿಂದ ಪಡೆ ಹಿಂತೆಗೆಯಿರಿ, ಇಲ್ಲವಾದರೆ ಸಂಬಂಧ ಮುರಿಯಿತು. ಪೋರ್ಚುಗಲ್ಲಿನ ರಾಜ ಮಣಿದ. ದೇಶವೆಲ್ಲ ಕುದಿಯಿತು. ಇಂದಿನ ಪೋರ್ಚುಗಲ್ ರಾಷ್ಟ್ರಗೀತೆ ಹುಟ್ಟಿದ್ದು ಆ ಸಿಟ್ಟಿನಲ್ಲೇ. ಒಂದು ವರ್ಷ ಕಳೆದು ಕೆಲವೇ ದಿನಗಳಲ್ಲಿ, 1891ರ ಜನವರಿ 31ರಂದು, ರಾಜಪ್ರಭುತ್ವದ ವಿರುದ್ಧ ಮೊದಲ ಗಣರಾಜ್ಯವಾದಿ ದಂಗೆ ಎದ್ದದ್ದು ಇದೇ ಪೋರ್ಟೊದ ಬೀದಿಯಲ್ಲಿ. ಬ್ರಿಟನ್ ಎಂಬ ಹೆಸರೇ ಬೈಗುಳವಾಗಿದ್ದ ಆ ಹನ್ನೆರಡು ತಿಂಗಳಲ್ಲಿ ಪೋರ್ಟೊದ ಬ್ರಿಟಿಷರು ರೈಲು ಹತ್ತಿ ಹೋಗಿ ಮರಳಿನಲ್ಲಿ ಗುಳಿ ತೋಡುತ್ತಿದ್ದರು. ಇದನ್ನು ಉದ್ಧಟತನ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ: ಊರಿನ ಬಿಸಿ ತಟ್ಟದಷ್ಟು ದಪ್ಪ ಗೋಡೆಯೊಳಗೆ ಆ ಸಮಾಜ ಇನ್ನೂರು ವರ್ಷ ಬದುಕಿತ್ತು. ಗಾಲ್ಫ್ ಆ ಗೋಡೆಯ ಇನ್ನೊಂದು ಸಾಲು ಇಟ್ಟಿಗೆ.

ಹುಳು ಬಿದ್ದ ತೋಟದ ಕಥೆ ಹುಟ್ಟಿದ್ದು ಪ್ರಾಯಶಃ ಕಾಲದ ಹೊಂದಾಣಿಕೆಯಿಂದ. ಬಳ್ಳಿಯ ಬೇರು ಹೀರುವ ಫಿಲಾಕ್ಸೆರಾ ಎಂಬ ಅಮೆರಿಕ ಮೂಲದ ಕೀಟ 1860ರ ದಶಕದಲ್ಲಿ ಡೌರೊಗೆ ಬಂದು ಮುಂದಿನ ದಶಕಗಳಲ್ಲಿ ತೋಟಗಳನ್ನು ಸುಟ್ಟಂತೆ ಮಾಡಿತು. ಅಮೆರಿಕದ ದ್ರಾಕ್ಷಿಯ ಬೇರಿನ ಮೇಲೆ ಸ್ಥಳೀಯ ಬಳ್ಳಿ ಕಸಿ ಕಟ್ಟಿ ತೋಟ ಎಬ್ಬಿಸುವಷ್ಟರಲ್ಲಿ ಎಷ್ಟೋ ರೈತರು ಊರು ಬಿಟ್ಟಿದ್ದರು. ಅದೇ ಹೊತ್ತಿಗೆ ಗಾಲ್ಫ್ ಬಂತು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಬಿತ್ತು. ಹಾಳುಬಿದ್ದ ಆ ಮೆಟ್ಟಿಲು ತೋಟಗಳು ಇಂದಿಗೂ ಡೌರೊ ಬೆಟ್ಟಗಳಲ್ಲಿ ಇವೆ. ಸ್ಥಳೀಯರು ಅವನ್ನು ಮೊರ್ಟೋರಿಯು ಎನ್ನುತ್ತಾರೆ, ಸಾವಿನ ನೆಲ ಎಂಬ ಅರ್ಥದಲ್ಲಿ. ಮುರಿದ ಕಲ್ಲುಗೋಡೆ, ಪೊದೆ, ಕೆಲವು ಕಡೆ ಆಲಿವ್ ಮರ. ಆಳೊಬ್ಬ ನೆಟ್ಟಗೆ ನಿಲ್ಲಲು ಕಷ್ಟವಾದ ಆ ಇಳಿಜಾರಿನಲ್ಲಿ ಚೆಂಡು ನಿಲ್ಲುವುದು ನದಿಯಲ್ಲೇ.

ಪೋರ್ಚುಗಲ್ಲಿನಲ್ಲಿ ಗಾಲ್ಫ್ ಒಂದು ಬೆಳೆಯ ನೆಲವನ್ನು ನುಂಗಿದ್ದು ಉಂಟು. ಆದರೆ ಅದು ದ್ರಾಕ್ಷಿಯಲ್ಲ, ಭತ್ತ. ದೇಶದ ದಕ್ಷಿಣ ತುದಿಯ ಅಲ್ಗಾರ್ವೆಯ ಪೆನಿನಾದಲ್ಲಿ 1966ರಲ್ಲಿ ತೆರೆದ ಮೈದಾನವನ್ನು, ಮೂರು ಸಲ ಓಪನ್ ಗೆದ್ದ ಹೆನ್ರಿ ಕಾಟನ್ ರೂಪಿಸಿದ್ದು ಹಳೆಯ ಗದ್ದೆಯಲ್ಲಿ. ನೀರು ಹೀರಿಸಲೆಂದೇ ಅಲ್ಲಿ ರಾಶಿ ರಾಶಿ ಮರ ನೆಡಬೇಕಾಯಿತು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಕೇಳಬೇಕಾಗಿದ್ದ ಒಂದು ವಿಷಯ: ಬೆಳೆಗಾರ ಎಲ್ಲಿದ್ದ? ವೈನಿನ ಇತಿಹಾಸ ಎಂದರೆ ಅವನ ಇತಿಹಾಸವೂ ಹೌದಲ್ಲವೇ? 1756ರಲ್ಲಿ ಪೊಂಬಾಲ್ ಮಂತ್ರಿಯಾಗಿದ್ದಾಗ ಡೌರೊದ ಗಡಿ ಗುರುತಿಸಿ, ರಫ್ತಿನ ವೈನ್ ಎಲ್ಲೆಲ್ಲಿ ಬೆಳೆಯಬಹುದೆಂದು ನಿಗದಿ ಮಾಡಿದರು. ಹಂಗೆರಿಯ ಟೊಕಾಯ್ ಮತ್ತು ಇಟಲಿಯ ಕಿಯಾಂಟಿ ವೈನ್ ಸೀಮೆಗಳ ಗಡಿಗಳು ಅದಕ್ಕೂ ಹಳೆಯವು, ಆದರೆ ಗಡಿಯ ಜತೆಗೆ ಬೆಲೆ, ಗುಣಮಟ್ಟ, ಮಾರಾಟ ಎಲ್ಲಕ್ಕೂ ಹಿಡಿತ ತಂದ ಮೊದಲ ವ್ಯವಸ್ಥೆ ಡೌರೊದ್ದೇ. ಗಡಿಗೆ ನೆಟ್ಟ ಗ್ರಾನೈಟ್ ಕಂಬಗಳು ಮುನ್ನೂರಕ್ಕೂ ಹೆಚ್ಚು. ಅವುಗಳ ಮೇಲೆ ಫೈತೊರಿಯಾ ಎಂದು ಕೆತ್ತಲಾಗಿದೆ. ಫ್ಯಾಕ್ಟರಿ ಹೌಸಿನ ಅದೇ ಫ್ಯಾಕ್ಟರಿ: ಇಂಗ್ಲಿಷರಿಗೆ ಮಾರಲು ಯೋಗ್ಯವಾದ ವೈನಿನ ನೆಲ ಇದು ಎಂದು. ಬೆಳೆಗಾರನ ಹೊಲದ ಕಲ್ಲಿನ ಮೇಲೆ ಕೊಳ್ಳುವವನ ಹೆಸರು! ಇಷ್ಟಾದರೂ ಕೊಳ್ಳುವವನ ಕ್ಲಬ್ಬಿನ ಬಾಗಿಲು ಅವನಿಗೆ ತೆರೆದಿರಲಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಎರಡೂ ಲೋಕದಲ್ಲಿ ಸಲೀಸಾಗಿ ಓಡಾಡಿದ ಬ್ರಿಟಿಷರು ಕಡಿಮೆ. ಇಂಗ್ಲೆಂಡಿನ ಹಲ್ ಊರಿನಲ್ಲಿ ಸ್ಕಾಟ್ ದಂಪತಿಗೆ ಹುಟ್ಟಿದ ಜೋಸೆಫ್ ಜೇಮ್ಸ್ ಫಾರೆಸ್ಟರ್ ಅಂಥವನೊಬ್ಬ. ಡೌರೊ ನದಿಯ ಮೊದಲ ವಿವರವಾದ ನಕ್ಷೆ ಬರೆದ, ವೈನಿಗೆ ಸಾರಾಯಿ ಬೆರೆಸುವುದನ್ನು ವಿರೋಧಿಸಿ ತನ್ನವರ ಜತೆಗೇ ಜಗಳವಾಡಿದ, ಪೋರ್ಚುಗಲ್ ಅವನಿಗೆ ಬ್ಯಾರನ್ ಪದವಿ ಕೊಟ್ಟಿತು. 1861ರಲ್ಲಿ ತಾನು ನಕ್ಷೆ ಬರೆದ ನದಿಯಲ್ಲೇ ದೋಣಿ ಮಗುಚಿ ಮುಳುಗಿದ. ಅದೇ ದೋಣಿಯಲ್ಲಿದ್ದ, ಡೌರೊದ ತೋಟಗಳ ಒಡತಿ ದೋನಾ ಅಂತೋನಿಯಾ ಫೆರೇರಾ ತನ್ನ ಅಗಲವಾದ ಲಂಗ ತೇಲಿಸಿದ್ದರಿಂದ ಬದುಕಿದಳು ಎನ್ನುತ್ತಾರೆ.

ಪೋರ್ಚುಗೀಸ್ ವೈನ್ ವ್ಯಾಪಾರಿಗಳೂ ಇಂಗ್ಲೆಂಡಿನಿಂದ ಆಟ ತಂದರು, ಬೇರೆ ಆಟ. ಪೋರ್ಟ್ ವ್ಯಾಪಾರಿ ಅಂತೋನಿಯೊ ನಿಕೊಲಾವ್ ದೆ ಅಲ್ಮೇಯ್ಡಾ ಇಂಗ್ಲೆಂಡಿಗೆ ಹೋಗಿಬರುತ್ತ ಫುಟ್ಬಾಲ್ ಕಂಡು ಮರುಳಾಗಿ, 1893ರಲ್ಲಿ ಎಫ್‌ಸಿ ಪೋರ್ಟೊ ಕಟ್ಟಿದ. ಮೂರೇ ವರ್ಷದ ಅಂತರದಲ್ಲಿ ಒಂದೇ ವ್ಯಾಪಾರ ಎರಡು ಕ್ಲಬ್ಬುಗಳನ್ನು ಹೆತ್ತಿತು. ಒಂದು ಇಡೀ ಊರಿನ ಉಸಿರಾಯಿತು, ಇನ್ನೊಂದು ಬಹುಕಾಲ ಕೆಲವೇ ಮನೆತನಗಳ ಭಾನುವಾರವಾಗಿ ಉಳಿಯಿತು.

ಎಲ್ಲ ವೈನ್ ಸೀಮೆಯಲ್ಲೂ ಕಥೆ ಇದೇ ಅಲ್ಲ. ಫ್ರಾನ್ಸಿನ ನೈಋತ್ಯದ ಪೋ ಊರಿನಲ್ಲಿ 1856ರಲ್ಲೇ ಗಾಲ್ಫ್ ಕ್ಲಬ್ ಹುಟ್ಟಿತು. ಯುರೋಪಿನ ಮುಖ್ಯ ಭೂಭಾಗದಲ್ಲಿ ಅದೇ ಮೊದಲು. ನದಿಯಾಚೆಯ ಗುಡ್ಡಗಳಲ್ಲಿ ಜುರಾನ್ಸೋನ್ ದ್ರಾಕ್ಷಿ. ರಾಜ ನಾಲ್ಕನೆಯ ಹೆನ್ರಿ 1553ರಲ್ಲಿ ಹುಟ್ಟಿದಾಗ ಅವನ ತುಟಿಗೆ ಬೆಳ್ಳುಳ್ಳಿ ಸವರಿ ಈ ವೈನ್ ಮುಟ್ಟಿಸಿದರಂತೆ. ಆಟದ ಮೈದಾನಕ್ಕೂ ತೋಟಕ್ಕೂ ನದಿಯಷ್ಟೇ ಅಡ್ಡ. ಆದರೂ ನಂಟಿಲ್ಲ: ಪೋಗೆ ಬಂದ ಬ್ರಿಟಿಷರು ವೈನ್ ಕೊಳ್ಳಲು ಬಂದವರಲ್ಲ, ಚಳಿಗಾಲದಲ್ಲಿ ಎದೆಬೇನೆಗೆ ಹಿತವಾದ ಹವೆ ಎಂದು ವೈದ್ಯರ ಮಾತು ನಂಬಿ ಬಂದವರು. ತೋಟ ಹತ್ತಿರದಲ್ಲಿದ್ದ ಪೋದಲ್ಲಿ ವೈನೂ ಗಾಲ್ಫೂ ಪರಸ್ಪರ ಅಪರಿಚಿತರು, ತೋಟ ನೂರು ಕಿಲೋಮೀಟರ್ ದೂರವಿದ್ದ ಪೋರ್ಟೊದಲ್ಲಿ ಒಂದೇ ಮನೆಯವರು. ನೆಲದ ಸಾಮೀಪ್ಯಕ್ಕಿಂತ ಲೆಕ್ಕದ ಪುಸ್ತಕ ಗಟ್ಟಿ ಎಂದು ನಾನು ನಂಬಲು ಇದೊಂದು ಕಾರಣ.

ತೋಟದ ನಡುವೆಯೇ ಗಾಲ್ಫ್, ಆಟ ಮುಗಿದರೆ ರುಚಿ ನೋಡುವ ಕೋಣೆ ಎಂಬ ಇಂದಿನ ಏರ್ಪಾಡು ಪ್ರವಾಸೋದ್ಯಮದ ಕೂಸು, ವಯಸ್ಸು ಕೆಲವೇ ದಶಕ. ಆಟಗಾರರೇ ವೈನಿಗೆ ಇಳಿದದ್ದೂ ಉಂಟು: ದ್ರಾಕ್ಷಿ ಬೆಳೆಗಾರರ ಮಗನಾದ ದಕ್ಷಿಣ ಆಫ್ರಿಕಾದ ಡೇವಿಡ್ ಫ್ರಾಸ್ಟ್, ಅವನ ನಾಡಿನವನೇ ಆದ ಎರ್ನಿ ಎಲ್ಸ್, ಆಸ್ಟ್ರೇಲಿಯಾದ ಗ್ರೆಗ್ ನಾರ್ಮನ್. ಆದರೆ ಸಸ್ಯಗಳಾಗಿ ನೋಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ಹುಲ್ಲುಹಾಸಿನ ಬೇರು ಮೇಲ್ಪದರದಲ್ಲೇ. ಅದಕ್ಕೆ ಬೇಸಿಗೆಯೆಲ್ಲ ನೀರು, ಗೊಬ್ಬರ ಬೇಕು. ಒಳ್ಳೆಯ ವೈನಿನ ಬಳ್ಳಿಗೆ ಅಷ್ಟು ಉಣಿಸಿದರೆ ಎಲೆ ಸೊಕ್ಕಿ ಹಣ್ಣು ಸಪ್ಪೆಯಾಗುತ್ತದೆ. ಡೌರೊದ ಬಳ್ಳಿ ಕಲ್ಲಿನ ಬಿರುಕಿನಲ್ಲಿ ಆಳಕ್ಕೆ ಬೇರಿಳಿಸಿ ಬಾಯಾರಿಕೆಯಲ್ಲೇ ಸಿಹಿಯಾಗುವಂಥದು. ಒಂದೇ ಕೊಳವೆಯ ನೀರಿನಲ್ಲಿ ಎರಡನ್ನೂ ಸಾಕುತ್ತೇವೆ ಎಂದು ಯಾರಾದರೂ ಹೇಳಿದರೆ, ಅವರ ಹುಲ್ಲನ್ನು ಮೆಚ್ಚಿ, ವೈನ್ ಬೇರೆ ಕಡೆ ಕೊಳ್ಳಿ.

ಕೊನೆಯದಾಗಿ, ಮತ್ತೆ ಹೋದಾಗ ಏನು ಮಾಡಬಹುದು. ಎರಡನ್ನೂ ಒಂದೇ ಕಡೆ ನೋಡಲಾಗದು, ಆದರೆ ಎರಡಕ್ಕೂ ಒಂದೇ ನಿಲ್ದಾಣದಿಂದ ಹೊರಡಬಹುದು. ಪೋರ್ಟೊದ ಸಾಂವ್ ಬೆಂತು ನಿಲ್ದಾಣದಲ್ಲಿ ದಕ್ಷಿಣದ ರೈಲು ಹತ್ತಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಎಸ್ಪಿನ್ಯೊ. ಮೈದಾನ ಸಮುದ್ರದ ಬದಿಗೇ ಇದೆ, ಗಾಳಿ ಜೋರು, ಟೋಪಿ ಹಿಡಿದುಕೊಳ್ಳಿ. ಮರುದಿನ ಡೌರೊ ಮಾರ್ಗದ ರೈಲಿನಲ್ಲಿ ಪಿನ್ಯಾಂವ್ ಊರಿಗೆ ಹೋಗಿ, ಎರಡು ಗಂಟೆಗೂ ಹೆಚ್ಚಿನ ದಾರಿ, ಬಲಗಡೆಯ ಕಿಟಕಿ ಹಿಡಿದರೆ ನದಿ ಕಾಣುತ್ತ ಹೋಗುತ್ತದೆ. ಅಲ್ಲಿನ ನಿಲ್ದಾಣದ ಗೋಡೆಯ ನೀಲಿ ಹೆಂಚುಗಳ ಮೇಲೆ ಕೊಯ್ಲು, ಬುಟ್ಟಿ ಹೊತ್ತ ಸಾಲು, ಪೀಪಾಯಿ ಏರಿಸಿದ ದೋಣಿ ಎಲ್ಲ ಚಿತ್ರಿಸಿದ್ದಾರೆ. ಜೂನ್ 24ರಂದು ಪೋರ್ಟೊದಲ್ಲೇ ಇದ್ದರೆ ನದಿದಂಡೆ ಬಿಟ್ಟು ಕದಲಬೇಡಿ. ಸಾಂವ್ ಜುವಾಂವ್ ಹಬ್ಬದ ಆ ದಿನ ವೈನ್ ಸಂಸ್ಥೆಗಳು ತಮ್ಮ ತಮ್ಮ ರಬೆಲೊ ದೋಣಿಗಳಿಗೆ ಹಾಯಿ ಕಟ್ಟಿ ಸ್ಪರ್ಧೆಗೆ ಇಳಿಸುತ್ತವೆ, ಊರಿಗೆ ಊರೇ ದಂಡೆಯಲ್ಲಿ ನಿಂತು ಕೂಗುತ್ತದೆ.